ಹಡಗಿನಲ್ಲಿ ಹೋಗಿ ಬಂದವರ ಮಾತು: ಯಾವುದನ್ನು ನಂಬುವುದು, ನಾವು ಏನು ಹೇಳುವುದು?

ಪ್ರಶ್ನೆ: ನಾನು ನೀರ್ಚಾಲಿನ ನಿವೃತ್ತ ಶಿಕ್ಷಕಿ. ಬರುವ ಡಿಸೆಂಬರಿನಲ್ಲಿ ನಾನು, ನಮ್ಮ ಯಜಮಾನರು ಮತ್ತು 78 ವರ್ಷದ ಅತ್ತೆ ಮುಂಬಯಿಯಿಂದ ಕ್ರೂಸ್ ಹಡಗಿನಲ್ಲಿ ಲಕ್ಷದ್ವೀಪದ ಕಡೆ ಹೋಗಿ ಬರಬೇಕೆಂದು ಯೋಚಿಸಿದ್ದೇವೆ. ಮೊದಲೇ ಹೋಗಿ ಬಂದವರಲ್ಲಿ ಕೇಳಿದೆ. ತಂಗಿ ಹೇಳುತ್ತಾಳೆ, ‘ಮೂರು ದಿನವೂ ವಾಂತಿ, ಹೋಗಲೇ ಬೇಡ.’ ಮೈದುನ ಹೇಳುತ್ತಾನೆ, ‘ಹಡಗು ಅಲ್ಲಾಡಿದ್ದೇ ಗೊತ್ತಾಗಲಿಲ್ಲ.’ ಒಬ್ಬರು ಎಲ್ಲಾ ಖರ್ಚು ಟಿಕೆಟಿನಲ್ಲೇ ಸೇರಿದೆ ಎನ್ನುತ್ತಾರೆ. ಇನ್ನೊಬ್ಬರು ಒಳಗೆ ಹೋದ ಮೇಲೆ ಕಿಸೆ ಖಾಲಿ ಎನ್ನುತ್ತಾರೆ. ಯಾರ ಮಾತು ನಂಬಲಿ? ಇನ್ನೊಂದು ಸಂಗತಿ. ಬಂದ ಮೇಲೆ ನಮ್ಮ ಮಹಿಳಾ ಸಂಘದಲ್ಲಿ ಅನುಭವ ಹೇಳಬೇಕೆಂದು ಈಗಲೇ ಕೇಳಿದ್ದಾರೆ. ಏನು ಹೇಳಿದರೆ ಮುಂದೆ ಹೋಗುವವರಿಗೆ ಉಪಯೋಗ?

ಉತ್ತರ:

ಟೀಚರೇ, ನಿಮ್ಮ ತಂಗಿ ಹೇಳಿದ್ದೂ ನಿಜ, ಮೈದುನ ಹೇಳಿದ್ದೂ ನಿಜ. ಆದರೆ ಇಬ್ಬರೂ ಅರ್ಧ ಮಾತ್ರ ಹೇಳಿದ್ದಾರೆ. ಯಾವ ತಿಂಗಳಲ್ಲಿ ಹೋದರು? ಯಾವ ಹಡಗು? ಹಡಗಿನ ಯಾವ ಭಾಗದಲ್ಲಿ ಮಲಗಿದ್ದರು? ಇದಿಷ್ಟು ಗೊತ್ತಾದರೆ ಅವರ ಅನುಭವ ನಿಮಗೆ ಉಪಯೋಗಕ್ಕೆ ಬರುತ್ತದೆ. ಗೊತ್ತಾಗದಿದ್ದರೆ ಅದು ಅವರ ಕಥೆ ಮಾತ್ರ.

ನಾನು 19 ವರ್ಷ ಪ್ರಯಾಣಿಕರ ಹಡಗುಗಳಲ್ಲಿ ಕೆಲಸ ಮಾಡಿದವನು. ಮೊದಲು ಕ್ಯಾಬಿನ್ ಗುಡಿಸಿ ಒರೆಸಿ ಹಾಸಿಗೆ ಹಾಕುವ ಕೆಲಸ. ಆಮೇಲೆ ರಿಸೆಪ್ಷನ್ ಕೌಂಟರ್. ಉದುಮ, ಕೋಟಿಕುಳಂ, ಪಾಲಕುನ್ನು ಕಡೆ ಹಡಗಿನ ಕೆಲಸದವರಿರುವ ಮನೆಗಳು ಎಷ್ಟಿವೆ ಎಂದು ನಿಮಗೆ ಗೊತ್ತೇ ಉಂಟು. ಈಗ ಕುಂಬಳೆಯಲ್ಲಿ ಕೂತು, ಹೊರಡುವವರಿಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ. ಕೌಂಟರಿನಲ್ಲಿ ನಿಂತಾಗ ನಾನು ಅತಿ ಹೆಚ್ಚು ಕೇಳಿದ ದೂರು ಊಟದ್ದಲ್ಲ, ರೂಮಿನದ್ದೂ ಅಲ್ಲ. ‘ನಮಗೆ ಹೇಳಿದವರು ಹೀಗೆ ಹೇಳಿರಲಿಲ್ಲ’ ಎನ್ನುವುದೇ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ನನಗೆ ಬಹಳ ಖುಷಿಯಾಯಿತು.

ಮೊದಲು ತಿಂಗಳು. ನಮ್ಮ ಅರಬ್ಬಿ ಸಮುದ್ರ ವರ್ಷವಿಡೀ ಒಂದೇ ತರ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ. ಸಾವಿರಾರು ಕಿಲೋಮೀಟರ್ ತೆರೆದ ನೀರಿನ ಮೇಲೆ ಬಂದ ಗಾಳಿ ಅದು, ಅಲೆಯನ್ನೂ ಹೊತ್ತು ತರುತ್ತದೆ. ಡಿಸೆಂಬರಿನಿಂದ ಮಾರ್ಚ್ ತನಕ ಗಾಳಿ ಹೆಚ್ಚಾಗಿ ನೆಲದ ಕಡೆಯಿಂದ ಬರುತ್ತದೆ. ದಡದ ಹತ್ತಿರ ಅಲೆ ಎಬ್ಬಿಸಲು ಅದಕ್ಕೆ ಜಾಗವೇ ಸಿಗುವುದಿಲ್ಲ. ಹಾಗಾಗಿ ಆಗ ಬೇಕಲ ಕೋಟೆಯ ಮೇಲೆ ನಿಂತು ನೋಡಿದರೆ ಕಡಲು ಕೆರೆಯ ಹಾಗೆ ಕಾಣುತ್ತದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳನ್ನು ನಿಲ್ಲಿಸುವುದು ಮುಖ್ಯವಾಗಿ ಮೀನಿನ ಮರಿಗಳನ್ನು ಉಳಿಸಲಿಕ್ಕೆ. ಆದರೆ ಆ ದಿನಗಳಲ್ಲಿ ಕಡಲಿಗೆ ಇಳಿಯುವುದು ಎಷ್ಟು ಕಷ್ಟ ಎಂದು ಕಸಬದ ಕಡಪ್ಪುರದ ಯಾವ ಮೀನುಗಾರನೂ ಹೇಳುತ್ತಾನೆ. ತಂಗಿ ಹೋದದ್ದು ಮೇ ಕೊನೆಗೋ ಸೆಪ್ಟೆಂಬರಿನಲ್ಲೋ ಇರಬಹುದು. ಒಮ್ಮೆ ಕೇಳಿ ನೋಡಿ.

ಡಿಸೆಂಬರ್ ಒಳ್ಳೆಯ ತಿಂಗಳು. ಆದರೆ ಅದೂ ಗ್ಯಾರಂಟಿ ಅಲ್ಲ. 2017ರಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪವನ್ನು ಹಾದುಹೋದದ್ದು ಡಿಸೆಂಬರಿನ ಮೊದಲ ದಿನಗಳಲ್ಲೇ. ಅದಕ್ಕೆ ನಾನು ತಿಂಗಳ ಕೊನೆಯ ಎರಡು ವಾರ ನೋಡಿ ಎನ್ನುತ್ತೇನೆ. ಕ್ರಿಸ್ಮಸ್ ರಜೆ ತಪ್ಪಿಸಿದರೆ ಇನ್ನೂ ಒಳ್ಳೆಯದು. ಆಗ ರೇಟು ಜಾಸ್ತಿ, ಗದ್ದಲವೂ ಜಾಸ್ತಿ. ಜನವರಿಗೆ ಹಾಕಿಕೊಂಡರೆ ಮತ್ತೂ ವಾಸಿ. ನಿಮಗೆ ಶಾಲೆಯ ರಜೆಯ ಹಂಗು ಇಲ್ವಲ್ಲ.

ಇನ್ನು ಹಡಗು. 2021ರ ಸೆಪ್ಟೆಂಬರಿನಿಂದ ನಮ್ಮ ದೇಶದ ಬಂದರುಗಳಿಂದ ಓಡಲು ಶುರುಮಾಡಿದ ಕಾರ್ಡೇಲಿಯಾ ಕಂಪೆನಿಯ ಎಂಪ್ರೆಸ್ ಹಡಗು ಫ್ರಾನ್ಸಿನಲ್ಲಿ ಕಟ್ಟಿದ್ದು, 1990ರದ್ದು. ಉದ್ದ ಸುಮಾರು 211 ಮೀಟರ್. ಗ್ರಾಸ್ ಟನ್ನೇಜ್ ಸುಮಾರು 48,500. ಇದು ಹಡಗಿನ ತೂಕ ಅಲ್ಲ, ಒಳಗಿನ ಜಾಗದ ಅಳತೆ. ತುಂಬ ಜನ ತೂಕ ಎಂದೇ ತಿಳಿದು ಹೇಳುತ್ತಾರೆ. ಟೈಟಾನಿಕ್‌ನ ಅಳತೆ 46,328 ಇತ್ತು. ಅಂದರೆ ಒಳಗಿನ ಜಾಗದಲ್ಲಿ ಇದು ಟೈಟಾನಿಕ್‌ಗಿಂತ ಸ್ವಲ್ಪ ದೊಡ್ಡದು, ಉದ್ದದಲ್ಲಿ ಗಿಡ್ಡ. ಈಗ ಅಮೆರಿಕದ ಕಡೆ ಓಡುವ ಐಕಾನ್ ಆಫ್ ದ ಸೀಸ್ 2024ರಲ್ಲಿ ಬಂದದ್ದು. ಅದು ಸುಮಾರು 2,48,000. ಅಷ್ಟು ದೊಡ್ಡ ಹಡಗಿನಲ್ಲಿ ಹೋದ ಮೊಮ್ಮಗ ‘ಎಂತದ್ದೂ ಆಗುವುದಿಲ್ಲ ಅಜ್ಜಿ’ ಎಂದರೆ ಅದು ಅವನ ಹಡಗಿನ ಮಾತು. ಕೊಚ್ಚಿಯಿಂದ ದ್ವೀಪಗಳಿಗೆ ಹೋಗುವ ಎಂ.ವಿ. ಕವರತ್ತಿಯಲ್ಲಿ ಹಿಡಿಯುವುದು 700 ಜನ. ಅದರಲ್ಲಿ ಹೋದವರ ಅನುಭವ ಬೇರೆಯೇ. ದೊಡ್ಡ ಹಡಗುಗಳಿಗೆ ನೀರಿನ ಕೆಳಗೆ ಎರಡೂ ಬದಿಯಲ್ಲಿ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ. ಅಡ್ಡಡ್ಡ ಓಲಾಡುವುದನ್ನು ಅದು ತುಂಬ ಕಡಿಮೆ ಮಾಡುತ್ತದೆ. ಮೂತಿ ಮೇಲೆ ಕೆಳಗೆ ಆಗುವುದನ್ನು ಮಾತ್ರ ಅದು ತಡೆಯಲಾರದು.

ಆ ಮೇಲೆ ಕೆಳಗಿನ ಆಟಕ್ಕೇ ಕ್ಯಾಬಿನ್ ಎಲ್ಲಿದೆ ಎನ್ನುವುದು ಮುಖ್ಯ. ಬದಿಯಡ್ಕದ ದಾರಿಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರನ್ನೂ ನಡುವಿನ ಸೀಟಿನಲ್ಲಿ ಕೂತವರನ್ನೂ ಕೇಳಿ ನೋಡಿ. ಒಂದೇ ಬಸ್ಸು, ಒಂದೇ ಗುಂಡಿ. ಆದರೂ ಹಿಂದಿನವರು ಹಾರಿ ಬೀಳುತ್ತಾರೆ. ಹಡಗಿನಲ್ಲೂ ಹಾಗೆಯೇ. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಅಂತಸ್ತು. ಅಲ್ಲಿ ಅಲುಗಾಟ ಅತಿ ಕಡಿಮೆ. ಮೂತಿಯ ಕಡೆಯ ಮೇಲಿನ ಬಾಲ್ಕನಿ ರೂಮು ಫೋಟೋದಲ್ಲಿ ಚಂದ. ದುಡ್ಡೂ ಜಾಸ್ತಿ. ಹೊಟ್ಟೆ ತೊಳಸುವವರಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಆದರೆ ಹೊರಗೆ ನೋಡಲಾಗದು ಎಂಬ ಕಾರಣಕ್ಕೆ ಕೆಲವರಿಗೆ ಅಲ್ಲೂ ತಲೆ ಸುತ್ತುತ್ತದೆ. ಮೈ ಓಲಾಡುತ್ತಿದೆ ಎಂದು ಕಿವಿಯ ಒಳಭಾಗ ಮಿದುಳಿಗೆ ಹೇಳುತ್ತದೆ. ರೂಮು ಅಲುಗಾಡುತ್ತಿಲ್ಲ ಎಂದು ಕಣ್ಣು ಹೇಳುತ್ತದೆ. ಈ ಎರಡು ಹೊಂದದಿದ್ದಾಗಲೇ ವಾಂತಿ ಬರುವುದು. ಡೆಕ್ಕಿಗೆ ಬಂದು ದೂರದಲ್ಲಿ ಕಡಲೂ ಆಕಾಶವೂ ಸೇರುವ ಗೆರೆ ನೋಡಿದರೆ ಎರಡೂ ಹೊಂದುತ್ತವೆ. ನಿಮಗೆ ನಾನು ಹೇಳುವುದು ನಡುಭಾಗದ, ಕೆಳ ಅಂತಸ್ತಿನ, ಕಿಟಕಿ ಇರುವ ಕ್ಯಾಬಿನ್. ಬುಕ್ ಮಾಡುವಾಗ ಹಡಗಿನ ನಕ್ಷೆ ಕೇಳಿ, ನಂಬರ್ ನೋಡಿ ಆರಿಸಿ. ಮೇಲೆ ಈಜುಕೊಳವೋ ಡಾನ್ಸಿನ ಹಾಲೋ ಇದ್ದರೆ ಬೇಡ ಎನ್ನಿ. ರಾತ್ರಿ ಎರಡು ಗಂಟೆಗೆ ಕುರ್ಚಿ ಎಳೆಯುವ ಸದ್ದು ಕೇಳಿದರೆ ಅತ್ತೆಗೆ ನಿದ್ದೆ ಬರುವುದಿಲ್ಲ.

ಮಾತ್ರೆಯ ವಿಷಯ. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಈ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ಬರಿಸುತ್ತವೆ, ಬಾಯಿ ಒಣಗಿಸುತ್ತವೆ. ಪ್ರೋಸ್ಟೇಟ್ ತೊಂದರೆ ಇರುವ ಗಂಡಸರಿಗೆ, ಕಣ್ಣಿನ ಗ್ಲಾಕೋಮಾ ಇರುವವರಿಗೆ ಕೆಲವು ಮಾತ್ರೆ ಆಗುವುದಿಲ್ಲ. ಮುದಿ ವಯಸ್ಸಿನವರಿಗೆ ತೂಕಡಿಕೆ ಬಂದು ಬೀಳುವ ಭಯವೂ ಉಂಟು. ಹಾಗಾಗಿ ಹೋಗಿ ಬಂದವರು ‘ಇದನ್ನು ನುಂಗಿ’ ಎಂದು ಕೊಟ್ಟ ಮಾತ್ರೆ ಬೇಡ. ನಿಮ್ಮ ಡಾಕ್ಟರಲ್ಲಿ ಮೂವರಿಗೂ ಬೇರೆಬೇರೆ ಕೇಳಿ. ಖಾಲಿ ಹೊಟ್ಟೆಯಲ್ಲಿ ಇರಬಾರದು. ಒಣ ಅವಲಕ್ಕಿ, ಬಿಸ್ಕತ್ತು, ಶುಂಠಿ ಒಳ್ಳೆಯದು. ಹಡಗಿನವರು ಹಸಿರು ಸೇಬು ಕೊಡುತ್ತಾರೆ. ನಾನು ಎಷ್ಟೋ ಬಾಗಿಲಿಗೆ ಸೇಬು ಹಿಡಿದುಕೊಂಡು ಹೋಗಿದ್ದೇನೆ.

ಈಗ ನಿಮಗೆ ಯಾರೂ ಹೇಳದ ಎರಡು ಸಂಗತಿ. ವಾಂತಿಗಿಂತ ಇವೇ ನಿಮಗೆ ಮುಖ್ಯ ಎಂದು ನನಗನಿಸುತ್ತದೆ.

ಒಂದು, ಒಂದೇ ಕ್ಯಾಬಿನ್‌ನಲ್ಲಿ ಮೂವರು. ಜಾಹೀರಾತಿನ ರೇಟು ಇಬ್ಬರು ಇರುವ ಲೆಕ್ಕದ್ದು. ಮೂರನೆಯವರಿಗೆ ಕಡಿಮೆ ಎಂದು ಏಜೆಂಟ್ ಹೇಳುತ್ತಾರೆ. ನಿಜ, ಕಡಿಮೆ. ಆದರೆ ಮೂರನೆಯ ಹಾಸಿಗೆ ಹೆಚ್ಚಾಗಿ ಗೋಡೆಯಿಂದ ಅಥವಾ ಛಾವಣಿಯಿಂದ ಕೆಳಗೆ ಬರುವ ಮೇಲಿನ ಬರ್ತ್. ರೈಲಿನ ಅಪ್ಪರ್ ಬರ್ತಿನ ಹಾಗೆ ಏಣಿ ಹತ್ತಬೇಕು. ಅತ್ತೆ ಕೆಳಗೆ ಮಲಗುತ್ತಾರೆ ಎಂದರೆ ನಿಮ್ಮಿಬ್ಬರಲ್ಲಿ ಒಬ್ಬರು ಹತ್ತಬೇಕು. ರಾತ್ರಿ ಮೂತ್ರಕ್ಕೆ ಏಳುವ ವಯಸ್ಸಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಬಚ್ಚಲಿನ ಬಾಗಿಲಲ್ಲಿ ನೀರು ಹೊರಗೆ ಬಾರದ ಹಾಗೆ ಎತ್ತರದ ಹೊಸ್ತಿಲೂ ಇರುತ್ತದೆ. ಕ್ಯಾಬಿನ್ ಕೆಲಸದಲ್ಲಿದ್ದಾಗ ಹಿರಿಯರು ಎಡವಿ ಬಿದ್ದದ್ದನ್ನು ನಾನು ಹೆಚ್ಚು ನೋಡಿದ್ದು ಅಲ್ಲೇ, ಡೆಕ್ಕಿನಲ್ಲಿ ಅಲ್ಲ. ನಡೆಯಲು ಕಷ್ಟ ಇರುವವರಿಗಾಗಿ ಹೊಸ್ತಿಲು ಇಲ್ಲದ, ಅಗಲ ಬಾಗಿಲಿನ ಕ್ಯಾಬಿನ್‌ಗಳು ಕೆಲವೇ ಕೆಲವು ಇರುತ್ತವೆ. ಮೊದಲು ಕೇಳಿದವರಿಗೆ ಸಿಗುತ್ತವೆ.

ಎರಡು, ದ್ವೀಪಕ್ಕೆ ಇಳಿಯುವುದು. ಗೋವಾದಲ್ಲಿ ಹಡಗು ಧಕ್ಕೆಗೆ ತಾಗಿ ನಿಲ್ಲುತ್ತದೆ, ಏಣಿಯ ಸೇತುವೆಯಲ್ಲಿ ನಡೆದು ಇಳಿಯಬಹುದು. ಲಕ್ಷದ್ವೀಪದಲ್ಲಿ ದೊಡ್ಡ ಹಡಗಿಗೆ ದಡದ ತನಕ ಹೋಗಲಾಗುವುದಿಲ್ಲ. ಹವಳದ ದಿಬ್ಬಗಳು ಸುತ್ತ ಇವೆ, ಅವುಗಳ ಒಳಗಿನ ಲಗೂನಿನ ನೀರು ಆಳವಿಲ್ಲ. ಹಡಗು ಹೊರಗೆ ನಿಲ್ಲುತ್ತದೆ. ಹಡಗಿನ ಬದಿಯ ಬಾಗಿಲಿನಿಂದ ಸಣ್ಣ ಬೋಟಿಗೆ ಕಾಲಿಡಬೇಕು. ಹಡಗು ಗಟ್ಟಿಯಾಗಿ ನಿಂತಿರುತ್ತದೆ, ಬೋಟು ಮೇಲೆ ಕೆಳಗೆ ಆಗುತ್ತಾ ಇರುತ್ತದೆ. ಬೋಟು ಮೇಲೆ ಬಂದ ಆ ಕ್ಷಣಕ್ಕೆ ಹೆಜ್ಜೆ ಇಡಬೇಕು. ಇಬ್ಬರು ಕೈ ಹಿಡಿಯುತ್ತಾರೆ, ಭಯ ಬೇಡ. ಆದರೂ ಮೊಣಕಾಲು ಬಗ್ಗದವರಿಗೆ ಕಷ್ಟವೇ. ಗಾಲಿಕುರ್ಚಿಯಲ್ಲಿ ಇರುವವರನ್ನು ಹಲವು ಹಡಗುಗಳಲ್ಲಿ ಹೀಗೆ ಇಳಿಸುವುದೇ ಇಲ್ಲ. ಗಾಳಿ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಉದ್ದನೆಯ ಅಲೆ ಇಲ್ಲಿಗೆ ಬಂದು ತಲುಪುವುದುಂಟು. ನಮ್ಮ ಕರಾವಳಿಯಲ್ಲಿ ‘ಕಳ್ಳಕ್ಕಡಲ್’ ಎಂದು ಕೇಳಿದ್ದೀರಲ್ಲ, ಆ ಜಾತಿಯದ್ದು. ಹಾಗಾದರೆ ಕ್ಯಾಪ್ಟನ್ ಇಳಿಸುವುದನ್ನೇ ರದ್ದು ಮಾಡುತ್ತಾರೆ. ‘ದುಡ್ಡು ಕೊಟ್ಟಿದ್ದೇವೆ, ದ್ವೀಪ ತೋರಿಸಲಿಲ್ಲ’ ಎಂದು ಕೌಂಟರಿಗೆ ಜನ ಬರುತ್ತಿದ್ದರು. ಹೇಳಿದ ಬಂದರಿಗೆ ಹೋಗದೆ ಮುಂದೆ ಸಾಗುವ ಹಕ್ಕು ಹಡಗಿಗೆ ಇರುತ್ತದೆ. ಟಿಕೆಟಿನ ಷರತ್ತಿನಲ್ಲಿ ಅದು ಬರೆದಿರುತ್ತದೆ. ದಯವಿಟ್ಟು ಓದಿ. ಕ್ಯಾಪ್ಟನ್ ಬೇಡ ಎಂದ ದಿನ ನಾನು ಅವರ ಪರವೇ.

ಅತ್ತೆ ಇಳಿಯದಿದ್ದರೂ ನಷ್ಟವೇನಿಲ್ಲ. ಎಲ್ಲರೂ ಇಳಿದ ಮೇಲೆ ಹಡಗು ಖಾಲಿ, ಶಾಂತ. ಡೆಕ್ಕಿನ ಕುರ್ಚಿಯಲ್ಲಿ ಕೂತು ಆ ನೀರಿನ ಬಣ್ಣ ನೋಡುತ್ತಾ ಚಾ ಕುಡಿಯಬಹುದು. ನಿಮ್ಮಲ್ಲಿ ಒಬ್ಬರು ಜೊತೆಗಿದ್ದು, ಇನ್ನೊಂದು ದ್ವೀಪಕ್ಕೂ ಹೋಗುವುದಾದರೆ ಅಲ್ಲಿ ಅದಲುಬದಲು ಮಾಡಿಕೊಳ್ಳಿ. ಆ ದ್ವೀಪಗಳು ನಮಗೆ ಪರವೂರೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ಕಾಸರಗೋಡು ತಾಲೂಕೂ ಆಗ ಅದೇ ಜಿಲ್ಲೆ. ಅದೇ ದಿನ ನಾವು ಕೇರಳಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ ಹೋದರು. ತೆಂಗಿನ ನಾರಿನ ಹಗ್ಗ ತಂದು ಮಂಗಳೂರಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಜನ ಅವರು. ಅತ್ತೆಯವರಿಗೆ ಇದನ್ನು ಹೇಳಿ. ಅವರು ಹುಟ್ಟಿದ ಕಾಲಕ್ಕೆ ಅದು ನಮ್ಮದೇ ಜಿಲ್ಲೆ ಆಗಿತ್ತು. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪ್ರವೇಶ ಪರವಾನಗಿ ಬೇಕು. ಹಡಗಿನವರು ಮಾಡಿಸಿಕೊಡುತ್ತಾರೋ, ಯಾವ ಕಾಗದ ಕೊಡಬೇಕು ಎಂದು ಮೊದಲೇ ಕೇಳಿಕೊಳ್ಳಿ.

ಖರ್ಚಿನ ಜಗಳವೂ ಸುಲಭದಲ್ಲಿ ಬಿಡಿಸಬಹುದು. ಟಿಕೆಟಿನಲ್ಲಿ ಸೇರಿರುವುದು ಸಾಮಾನ್ಯವಾಗಿ ಮಲಗುವ ಜಾಗ, ದೊಡ್ಡ ಊಟದ ಹಾಲಿನ ಮೂರು ಹೊತ್ತಿನ ಊಟ, ನಾಟಕ, ಹಾಡು, ಈಜುಕೊಳ. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಗೆ ಎಂದು ತಲೆಗೆ ದಿನಕ್ಕೆ ಇಷ್ಟು ಎಂದು ಹಾಕುವ ಗ್ರಾಚ್ಯುಟಿ, ಇವು ಜಾಹೀರಾತಿನ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ವೈಫೈ, ತಂಪು ಪಾನೀಯ, ವಿಶೇಷ ಹೋಟೆಲು, ದಡದ ಸುತ್ತಾಟ, ಅವರೇ ತೆಗೆದ ಫೋಟೋ, ಎಲ್ಲಾ ಬೇರೆ. ಒಳಗೆ ಕೈಯಲ್ಲಿ ನೋಟು ಕೊಡುವುದಿಲ್ಲ, ಹಡಗಿನವರು ಕೊಟ್ಟ ಕ್ಯಾಬಿನ್ ಕಾರ್ಡ್ ತೋರಿಸಿ ಸಹಿ ಹಾಕುವುದು. ಅದಕ್ಕೇ ಲೆಕ್ಕ ತಪ್ಪುತ್ತದೆ. ದಿನಾ ಸಂಜೆ ಕೌಂಟರಿಗೆ ಹೋಗಿ ‘ಇಲ್ಲಿ ತನಕ ಎಷ್ಟಾಯಿತು’ ಎಂದು ಕೇಳಿ. ಯಾರೂ ಬೇಜಾರು ಮಾಡುವುದಿಲ್ಲ. ಕೊನೆಯ ಬೆಳಿಗ್ಗೆ ಇಡೀ ಹಡಗೇ ಅಲ್ಲಿ ಸಾಲು ನಿಂತಿರುತ್ತದೆ. ಆಗ ತಪ್ಪು ಸರಿ ಮಾಡಲಿಕ್ಕೆ ನಮಗೂ ಪುರುಸೊತ್ತು ಇರುವುದಿಲ್ಲ.

ಮುಂಬಯಿಗೆ ಹೋಗುವುದು. ಕಾಸರಗೋಡಿನಲ್ಲೇ ನೇತ್ರಾವತಿ ಹತ್ತಬಹುದು. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತೀರಿ. ಹಡಗು ಹತ್ತುವ ಬಂದರು ಇರುವುದು ಫೋರ್ಟ್ ಪ್ರದೇಶದಲ್ಲಿ, ಬಲ್ಲಾರ್ಡ್ ಪಿಯರ್ ಕಡೆ. ಹತ್ತಿರ ಅಲ್ಲ. ಒಂದು ದಿನ ಮೊದಲೇ ಹೋಗಿ ಉಳಿದುಕೊಳ್ಳಿ. ರೈಲು ತಡವಾಯಿತು ಎಂದು ಹಡಗು ಕಾಯುವುದಿಲ್ಲ, ಹೊರಡುವ ಹೊತ್ತಿಗಿಂತ ಎಷ್ಟೋ ಮೊದಲೇ ಚೆಕ್ ಇನ್ ಮುಚ್ಚುತ್ತಾರೆ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಂಡು ಚೀಟಿ ಕಟ್ಟುತ್ತಾರೆ. ಅವು ಕ್ಯಾಬಿನ್‌ಗೆ ಬರುವಾಗ ಸಂಜೆ ಆಗಬಹುದು. ಮಾತ್ರೆ, ಗುರುತಿನ ಚೀಟಿ, ಅತ್ತೆಯ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಬಿ.ಪಿ., ಶುಗರ್ ಮಾತ್ರೆ ಬೇಕಾದ್ದಕ್ಕಿಂತ ನಾಲ್ಕು ದಿನಕ್ಕೆ ಹೆಚ್ಚು ಇಟ್ಟುಕೊಳ್ಳಿ, ಡಾಕ್ಟರ ಚೀಟಿಯೂ ಬೇಕು. ಇಸ್ತ್ರಿಪೆಟ್ಟಿಗೆ, ಕರೆಂಟಿನ ಕೆಟಲ್ ಬಿಡುವುದಿಲ್ಲ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಹೆಚ್ಚಿನ ಕಡೆ ಬಿಡುವುದಿಲ್ಲ. ಸೀಲ್ ಇರುವ ಒಣ ತಿಂಡಿಯ ಪೊಟ್ಟಣ ಸಾಮಾನ್ಯವಾಗಿ ಬಿಡುತ್ತಾರೆ. ನಮ್ಮ ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಡ, ಸರಕಾರದ ಫೋಟೋ ಗುರುತಿನ ಚೀಟಿ ಸಾಕು. ಮುಂದೆ ಹೊರದೇಶದ ಹಡಗಿಗೆ ಹೋಗುವುದಾದರೆ ಪಾಸ್‌ಪೋರ್ಟಿಗೆ ಆರು ತಿಂಗಳು ಬಾಕಿ ಇರಬೇಕು. ಒಂದೇ ದೇಶವನ್ನು ಬಿಟ್ಟು ಮತ್ತೆ ಒಳಗೆ ಬರುವುದಾದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ವೀಸಾ ಬೇಕು. ಇದು ಮರೆತು ಸಿಕ್ಕಿಬಿದ್ದವರನ್ನು ನೋಡಿದ್ದೇನೆ.

ಹಡಗಿನ ಡಾಕ್ಟರು ಇರುತ್ತಾರೆ. ಫೀಸು ಮಾತ್ರ ಊರಿನದ್ದಲ್ಲ. ನಮ್ಮ ಸಾಮಾನ್ಯ ಆರೋಗ್ಯ ವಿಮೆ ಕಡಲಿನ ಮೇಲಿನ ಖರ್ಚಿಗೆ ಆಗುತ್ತದೆಯೇ ಎಂದು ಪಾಲಿಸಿ ತೆಗೆದು ನೋಡಿ. ಇಲ್ಲದಿದ್ದರೆ ಬೇರೆ ಪ್ರಯಾಣ ವಿಮೆ ಮಾಡಿಸಿ. ತುರ್ತಿಗೆ ದಡಕ್ಕೆ ಸಾಗಿಸುವ ಖರ್ಚು ಅದರಲ್ಲಿ ಸೇರಿರಬೇಕು. 78 ವರ್ಷದವರ ಜೊತೆ ಹೋಗುವಾಗ ಇದರಲ್ಲಿ ಉಳಿತಾಯ ನೋಡಬೇಡಿ.

ಫೋನನ್ನು ಫ್ಲೈಟ್ ಮೋಡಿನಲ್ಲಿ ಇಡಿ. ದಡ ದೂರವಾದ ಕೂಡಲೇ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಬಿಡುತ್ತದೆ, ಬಿಲ್ಲು ಬಹಳ ಬರುತ್ತದೆ. ಊಟದ ಹಾಲಿಗೆ ಹೋಗುವ ಮೊದಲು ಸಾಬೂನು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ಹರಡುವ ನೋರೋವೈರಸ್ ಎಂಬ ವಾಂತಿಭೇದಿಯ ವೈರಸ್ಸಿಗೆ ಕೈಗೆ ಉಜ್ಜುವ ಸ್ಯಾನಿಟೈಸರ್ ಸಾಕಾಗುವುದಿಲ್ಲ. ಸಾಬೂನು, ನೀರು, ಇಪ್ಪತ್ತು ಸೆಕೆಂಡು.

ಹತ್ತಿದ ದಿನ ತುರ್ತು ತರಬೇತಿ ಇರುತ್ತದೆ. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ. ಅದು ಕೇಳಿದರೆ ನಿಮ್ಮ ಕಾರ್ಡಿನಲ್ಲಿ ಬರೆದ ಜಾಗಕ್ಕೆ ಹೋಗಬೇಕು. ‘ಬೋರು, ರೂಮಿನಲ್ಲೇ ಇದ್ದುಬಿಡಿ’ ಎಂದು ಹೋಗಿ ಬಂದವರು ಹೇಳುತ್ತಾರೆ. ಈ ಒಂದು ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾನ್ಕೋರ್ಡಿಯಾ ಬಂಡೆಗೆ ತಾಗಿ ವಾಲಿತು. 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ ಪ್ರಯಾಣಿಕರಿಗೆ ಇನ್ನೂ ತರಬೇತಿ ಆಗಿರಲಿಲ್ಲ. ಆಗ ಹತ್ತಿ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ನಿಯಮ ಇತ್ತು. ಅದಾದ ಮೇಲೆ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕು ಎಂದು ಬದಲಾಯಿತು. ಅತ್ತೆಗೆ ಮೆಟ್ಟಿಲು ಕಷ್ಟ ಎಂದು ಆ ದಿನವೇ ಅಲ್ಲಿ ನಿಂತ ಸಿಬ್ಬಂದಿಗೆ ಹೇಳಿ. ಸಹಾಯ ಬೇಕಾದವರ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ತುರ್ತಿನಲ್ಲಿ ಲಿಫ್ಟ್ ಬಳಸಲು ಬಿಡುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಸಂಘದಲ್ಲಿ ಏನು ಹೇಳುವುದು.

ಮಂಗಳೂರಿನ ಪಣಂಬೂರು ಬಂದರಿಗೆ ಚಳಿಗಾಲದಲ್ಲಿ ವಿದೇಶದ ಕ್ರೂಸ್ ಹಡಗುಗಳು ಬರುತ್ತವೆ. ಆ ಪ್ರವಾಸಿಗಳನ್ನು ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನಲ್ಲಿಗೆ, ಕುದ್ರೋಳಿಗೆ, ಗೇರುಬೀಜದ ಕಾರ್ಖಾನೆಗೆ ಕರೆದುಕೊಂಡು ಹೋಗುತ್ತಾರೆ. ಸಂಜೆಗೆ ಹಡಗು ಹೊರಟುಬಿಡುತ್ತದೆ. ಆರು ಗಂಟೆ ನೋಡಿದವರು ಊರಿಗೆ ಹೋಗಿ ‘ಮಂಗಳೂರು ಅಂದರೆ ಹೀಗೆ’ ಎಂದು ಹೇಳಿದರೆ ನಮಗೆ ಹೇಗಾಗಬೇಕು? ನಾವೂ ಅದನ್ನೇ ಮಾಡುತ್ತೇವೆ. ಗೋವಾದಲ್ಲಿ ಮಧ್ಯಾಹ್ನ ಇಳಿದು ‘ಗೋವಾ ಬರೀ ಸೆಕೆ’ ಎನ್ನುತ್ತೇವೆ. ಎಷ್ಟು ಗಂಟೆ ಇದ್ದಿರಿ, ಯಾವ ಹೊತ್ತು, ಅದನ್ನು ಸೇರಿಸಿ ಹೇಳಿ. ಆಗ ಕೇಳಿದವರು ತಾವೇ ತೂಗಿ ನೋಡುತ್ತಾರೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ ಹಡಗಿನ ಹೆಸರು, ಹೊರಟ ತಾರೀಕು, ಅಂತಸ್ತು, ಕ್ಯಾಬಿನ್ ಮುಂದೋ ನಡುವೋ ಹಿಂದೋ, ಮೂವರ ವಯಸ್ಸು, ಯಾರಿಗೆ ಏನು ತೊಂದರೆ ಇತ್ತು ಎಂದು ಬರೆಯಿರಿ. ದಿನಾ ರಾತ್ರಿ ನಾಲ್ಕು ಸಾಲು ಸಾಕು. ಕಡಲು ಹೇಗಿತ್ತು, ಯಾರಿಗೆ ತಲೆ ಸುತ್ತಿತು, ಎಷ್ಟು ಹೊತ್ತಿಗೆ ಸರಿಯಾಯಿತು. ‘ಊಟ ಚೆನ್ನಾಗಿರಲಿಲ್ಲ’ ಎಂದು ಬರೆಯಬೇಡಿ. ‘ಎಂಟೂವರೆಗೆ ಹೋದೆವು, ಅನ್ನ ತಣ್ಣಗಾಗಿತ್ತು, ಬೆಳ್ಳುಳ್ಳಿ ಹಾಕದ ಪಲ್ಯ ಕೇಳಿದರೆ ಬೇರೆ ಮಾಡಿಕೊಟ್ಟರು’ ಎಂದು ಬರೆಯಿರಿ. ಕೊನೆಯಲ್ಲಿ ಟಿಕೆಟಿನ ದುಡ್ಡು ಬೇರೆ, ಒಳಗಿನ ಖರ್ಚು ಬೇರೆ, ರೈಲು ಟ್ಯಾಕ್ಸಿ ಬೇರೆ. ಏನು ಮಾಡಲಾಗಲಿಲ್ಲ ಎನ್ನುವುದನ್ನೂ ಹೇಳಿ. ಅತ್ತೆ ಬೋಟಿಗೆ ಇಳಿಯಲಾಗದೆ ಹಡಗಿನಲ್ಲೇ ಉಳಿದರು ಎಂದು ನೀವು ಹೇಳಿದರೆ, ಅಂಥ ಅತ್ತೆ ಇರುವ ಇನ್ನೊಬ್ಬರು ನಿಮ್ಮನ್ನು ವರ್ಷಗಟ್ಟಲೆ ನೆನೆಯುತ್ತಾರೆ. ಚಂದದ ಫೋಟೋ ಮಾತ್ರ ತೋರಿಸಿದರೆ ಅವರಿಗೆ ಸಿಗುವುದು ಆಸೆ ಮಾತ್ರ.

ಹಡಗಿನಿಂದಲೇ ಸ್ಟೇಟಸ್ ಹಾಕುವ ಅಭ್ಯಾಸ ಇದ್ದರೆ ಎರಡು ಮಾತು. ಬೋರ್ಡಿಂಗ್ ಪಾಸ್, ಕ್ಯಾಬಿನ್ ಕಾರ್ಡ್ ಇವುಗಳ ಫೋಟೋ ಹಾಕಬೇಡಿ. ಅದರಲ್ಲಿ ಬುಕಿಂಗ್ ನಂಬರ್, ಬಾರ್‌ಕೋಡ್ ಇರುತ್ತದೆ. ಮತ್ತೆ, ಅದು ಅಡಿಕೆ ಒಣಗಿಸುವ ಕಾಲ. ಅಂಗಳ ತುಂಬ ಅಡಿಕೆ, ಮನೆಯಲ್ಲಿ ಯಾರೂ ಇಲ್ಲ ಎಂದು ಊರಿಗೆಲ್ಲ ತಿಳಿಸಿದ ಹಾಗಾಗುತ್ತದೆ. ಫೋಟೋ ಬಂದ ಮೇಲೆ ಹಾಕಿ.

ಕೆಲಸದವರ ಬಗ್ಗೆಯೂ ಬರೆದುಕೊಳ್ಳಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ನಿಮ್ಮ ಕ್ಯಾಬಿನ್ ನೋಡುವ ಹುಡುಗ ಆರರಿಂದ ಒಂಬತ್ತು ತಿಂಗಳು ಮನೆ ಬಿಟ್ಟು ಬಂದವನು. ಕಡಲ ಕಾರ್ಮಿಕರ 2006ರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ಅವನಿಗೆ ವಿಶ್ರಾಂತಿ ಸಿಗಬೇಕು. ಉಳಿದದ್ದರಲ್ಲಿ ಬಹುಪಾಲು ದುಡಿಮೆಯೇ, ಭಾನುವಾರದ ರಜೆ ಎಂಬುದಿಲ್ಲ. ಕೊನೆಯ ದಿನ ಅಭಿಪ್ರಾಯ ಬರೆಯಲು ಕೊಟ್ಟಾಗ ‘ಎಲ್ಲರೂ ಒಳ್ಳೆಯವರು’ ಎಂದರೆ ಅದು ಯಾರಿಗೂ ತಲುಪುವುದಿಲ್ಲ. ಅವನ ಹೆಸರು ಬರೆಯಿರಿ, ಏನು ಮಾಡಿದ ಎಂದು ಬರೆಯಿರಿ. ನಾನು ಕ್ಯಾಬಿನ್ ಕೆಲಸದಿಂದ ಕೌಂಟರಿಗೆ ಬಂದದ್ದು ಒಬ್ಬರು ಹಿರಿಯ ಹೆಂಗಸು ಬರೆದ ಅಂಥ ಆರು ಸಾಲಿನಿಂದ. ಆ ಚೀಟಿಯ ಪ್ರತಿ ಈಗಲೂ ನನ್ನಲ್ಲಿದೆ. ನಿಮ್ಮ ಹಡಗಿನಲ್ಲಿ ನಮ್ಮೂರಿನ ಹುಡುಗರು ಸಿಕ್ಕರೂ ಸಿಗಬಹುದು. ಬ್ಯಾಡ್ಜ್ ನೋಡಿ, ಕನ್ನಡದಲ್ಲೋ ತುಳುವಿನಲ್ಲೋ ಎರಡು ಮಾತಾಡಿಸಿ.

ಈಗ ಸದ್ಯಕ್ಕೆ ಮಾಡಬೇಕಾದ್ದು ಇಷ್ಟು. ತಂಗಿಗೂ ಮೈದುನನಿಗೂ ಫೋನ್ ಮಾಡಿ ತಿಂಗಳು, ಹಡಗು, ಕ್ಯಾಬಿನ್ ನಂಬರ್ ಕೇಳಿ. ಆಮೇಲೆ ಏಜೆಂಟರಲ್ಲಿ ಮೂರು ಪ್ರಶ್ನೆ: ಮೂರನೆಯ ಹಾಸಿಗೆ ಕೆಳಗೋ ಮೇಲೋ? ಬಚ್ಚಲಿಗೆ ಹೊಸ್ತಿಲು ಇಲ್ಲದ ಕ್ಯಾಬಿನ್ ಸಿಗುತ್ತದೆಯೇ? ದ್ವೀಪದಲ್ಲಿ ಮೊಣಕಾಲು ನೋವಿನವರನ್ನು ಬೋಟಿಗೆ ಹೇಗೆ ಇಳಿಸುತ್ತಾರೆ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರೆದು ಕೊಡಲಿ. ಅಲ್ಲಿ ತನಕ ಮುಂಗಡ ಕಟ್ಟಬೇಡಿ.